ಜ್ವರ ಮುಚ್ಚಿಟ್ಟ ಪ್ರೇಮವ್ವ

ಕೆಲಸವಿಲ್ಲದೆ ಬೀದಿಯಲ್ಲಿ ನಡೆಯುವುದು ಅಂದರೆ ಏನು ಅಂತ ಪ್ರೇಮವ್ವನಿಗೆ ಐವತ್ತು ದಾಟುವವರೆಗೂ ಗೊತ್ತಿರಲಿಲ್ಲ. ಹೊರಗೆ ಕಾಲಿಟ್ಟರೆ ಒಂದೋ ಗುಡಿಗೆ, ಇಲ್ಲಾ ಮದುವೆಗೆ, ಇಲ್ಲಾ ಸತ್ತವರ ಮನೆಗೆ. ಬ್ಯಾಡಗಿಯ ಮೆಣಸಿನಕಾಯಿ ದಲಾಲ ಪ್ರಭುಲಿಂಗಪ್ಪನವರ ಹೆಂಡತಿಗೆ ಹೊರಗೆ ಬೇರೆ ಏನು ಕೆಲಸ ಇದ್ದೀತು? ಕಾಯಿಪಲ್ಲೆ ಬಾಗಿಲಿಗೇ ಬರುತ್ತಿತ್ತು. ಸೀರೆ ಬೇಕೆಂದರೆ ಅಂಗಡಿಯವನೇ ಗಂಟು ಹೊತ್ತು ಬಂದು ಪಡಸಾಲೆಯಲ್ಲಿ ಹರವುತ್ತಿದ್ದ. ಹಾಗಾಗಿ 2003ರಲ್ಲಿ ಹಾವೇರಿಯ ಡಾಕ್ಟರು ರಕ್ತದ ಚೀಟಿ ನೋಡಿ, "ಸಕ್ಕರಿ ಬ್ಯಾನಿ ಐತ್ರಿ ಅವ್ವಾರ, ದಿನಾ ಮುಂಜಾನೆ ನಡೀಬೇಕು," ಅಂದಾಗ ಆಕೆ ಕೇಳಿದ ಮೊದಲ ಮಾತೇ, "ಎಲ್ಲಿಗ್ರಿ?" ಅಂತ.

ಡಾಕ್ಟರು ನಕ್ಕರು. "ಎಲ್ಲಿಗೂ ಇಲ್ಲ. ಸುಮ್ಮನ ನಡೀರಿ."

ಪ್ರೇಮವ್ವ ಸುಲಭಕ್ಕೆ ಬಗ್ಗುವವಳಲ್ಲ. ಎದ್ದು ಹೊರಡುವ ಮುಂಚೆ ತಪ್ಪಿಸಿಕೊಳ್ಳಲು ಒಂದು ಸಂದಿ ಇದೆಯೋ ಅಂತ ಹುಡುಕಿದಳು. "ನೆಗಡಿ, ಜ್ವರ ಬಂದ್ರೂ ನಡೀಬೇಕೇನ್ರಿ?"

"ಮೂಗು ಸೋರಿದ್ರ ನಡೀರಿ, ಏನೂ ಆಗೂದಿಲ್ಲ. ಕಫ ಎದಿಗೆ ಇಳೀತು, ಮೈ ಸುಡಾಕತ್ತಿತು ಅಂದ್ರ ಮಾತ್ರ ಸುಮ್ಮನ ಮಲಗ್ರಿ. ಆವಾಗ ನಡೆಯೂದು ತಪ್ಪು."

ಅಷ್ಟು ಸಾಕಾಗಿತ್ತು ಆಕೆಗೆ. ವರ್ಷದಲ್ಲಿ ಒಂದು ತಿಂಗಳಾದರೂ ಕಫ ಎದೆಗೆ ಇಳಿಸಿಕೊಳ್ಳಬಹುದು ಅಂತ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿಕೊಂಡೇ ಊರಿಗೆ ಬಂದಳು. ಮನುಷ್ಯರಿಗೆ ಏನು ಬೇಕು ಅನ್ನುವುದು ಎಷ್ಟು ಬೇಗ ಬದಲಾಗುತ್ತದೆ ನೋಡಿ. ಮೂರು ವರ್ಷ ಕಳೆಯುವುದರಲ್ಲಿ ಅದೇ ಪ್ರೇಮವ್ವ ಎದೆಯ ಕಫವನ್ನು ಮೂಗಿನ ನೆಗಡಿ ಅಂತ ಸಾಧಿಸಲು ಒದ್ದಾಡಿದಳು. ಹೇಳಬೇಕಾದ್ದು ಆ ಕಥೆಯನ್ನೇ.

ಮೊದಮೊದಲು ನಡಿಗೆ ಅನ್ನುವುದು ದೊಡ್ಡ ಫಜೀತಿ. ಆಗಿನ ಬ್ಯಾಡಗಿಯಲ್ಲಿ ಮುಂಜಾನೆ ಬೂಟು ಹಾಕಿಕೊಂಡು ಕೈ ಬೀಸುತ್ತ ಹೋಗುವವರು ಇರಲಿಲ್ಲ. ಕೈಯಲ್ಲಿ ಕೊಡವಿಲ್ಲ, ಚೀಲವಿಲ್ಲ, ಹೂವಿನ ಬುಟ್ಟಿಯಿಲ್ಲ, ಹಾಗೆ ಬರುವ ಹೆಂಗಸನ್ನು ಕಂಡರೆ ಹಾಲಿನವನಿಂದ ಹಿಡಿದು ಕಟ್ಟೆಯ ಮೇಲೆ ಹಲ್ಲುಜ್ಜುವ ಮುದುಕರವರೆಗೆ ಎಲ್ಲರೂ ಕೇಳುವವರೇ, ಎಲ್ಲಿಗೆ ಹೊಂಟೀರಿ ಅಂತ. ಎರಡನೇ ದಿನ ಪ್ರೇಮವ್ವ ಉತ್ತರ ಹೊಳೆಯದೆ, "ಸ್ಟೇಷನ್ನಿಗೆ, ಬೀಗರು ಬರಾವರು ಅದಾರ," ಅಂದುಬಿಟ್ಟಳು. ಸಂಜೆಯೊಳಗೆ ಸುದ್ದಿ ಊರಾಡಿತು. ಓಣಿಯ ಹೆಂಗಸರು ಮನೆಗೆ ಬಂದು, ಮಗಳು ಸ್ನೇಹಾಳಿಗೆ ಯಾವ ಊರಿನ ವರ, ಏನು ಮಾಡುತ್ತಾನೆ ಅಂತ ವಿಚಾರಿಸತೊಡಗಿದರು. ಪಿಯುಸಿ ಓದುತ್ತಿದ್ದ ಸ್ನೇಹಾ ನನ್ನನ್ನು ಕೇಳದೇ ಮದುವೆ ಗೊತ್ತು ಮಾಡಿದ್ದೀರಿ ಅಂತ ಊಟ ಬಿಟ್ಟು ಕೂತಳು. ಆಕೆಯನ್ನು ಸಮಾಧಾನ ಮಾಡುವುದರಲ್ಲಿ ಪ್ರಭುಲಿಂಗಪ್ಪನವರಿಗೆ ಸಾಕುಸಾಕಾಯಿತು.

ಮೈಮುನಾಬಿ ಸಿಕ್ಕಿದ್ದು ಈ ಪೇಚಾಟದ ನಡುವೆ. ಸ್ಟೇಷನ್ ಆಚೆಗಿನ ಓಣಿಯವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮೆಣಸಿನಕಾಯಿ ಯಾರ್ಡಿನಲ್ಲಿ ಬೇರೊಬ್ಬ ದಲಾಲರ ಅಂಗಡಿಯ ಅಂಗಳ ಗುಡಿಸಿ, ಹೊತ್ತೇರಿದ ಮೇಲೆ ಉಳಿದ ಹೆಂಗಸರ ಜೊತೆ ಅಲ್ಲೇ ಕೂತು ಕಾಯಿಯ ತೊಟ್ಟು ಬಿಡಿಸುವುದು ಆಕೆಯ ಕೆಲಸ. ನಸುಕಿನಲ್ಲಿ ಮುಖಕ್ಕೆ ಸೆರಗು ಸುತ್ತಿಕೊಂಡು ಬರುತ್ತಿದ್ದವಳು ಒಂದು ದಿನ ನಿಂತು, ಎಲ್ಲರೂ ಕೇಳುವ ಆ ಪ್ರಶ್ನೆಯನ್ನೇ ಕೇಳಿದಳು. ಪ್ರೇಮವ್ವನಿಗೆ ಸುಳ್ಳು ಹೇಳಿ ಹೇಳಿ ಬೇಸರ ಬಂದಿತ್ತು.

"ಎಲ್ಲಿಗೂ ಇಲ್ಲವ್ವ. ಸಕ್ಕರಿ ಬ್ಯಾನಿ ಆಗೈತಿ. ಸುಮ್ಮನ ನಡಿ ಅಂದಾರ."

ಮೈಮುನಾಬಿ ಅದನ್ನು ಆಶ್ಚರ್ಯ ಅಂದುಕೊಳ್ಳಲಿಲ್ಲ, ನಗಲೂ ಇಲ್ಲ. "ಹಂಗಾರ ನನ್ನ ಸಂಗಾಟ ಯಾರ್ಡಿನ ತನಾ ಬರ್ರಿ ಅಕ್ಕಾರ. ಯಾರರ ಕೇಳಿದ್ರ, ಮೈಮುನಾನ್ನ ಕಳಸಾಕ ಹೊಂಟೇನಿ ಅನ್ರಿ," ಅಂದಳು.

ದಲಾಲರ ಹೆಂಡತಿ ಕೂಲಿಯಾಕೆಯನ್ನು ಕಳಿಸಿಬರಲು ಹೋಗುವುದೇನು ಅಂತ ಯಾರಾದರೂ ಮರುಪ್ರಶ್ನೆ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ನಮ್ಮ ಊರಿನವರಿಗೆ ಒಂದು ಉತ್ತರ ಸಿಕ್ಕರೆ ಸಾಕು, ಅದು ಸರಿಯೋ ತಪ್ಪೋ ಅನ್ನುವುದು ಆಮೇಲಿನ ಮಾತು.

ಅಲ್ಲಿಂದ ಶುರುವಾದದ್ದು ಪ್ರೇಮವ್ವನ ಬದುಕಿನ ಒಳ್ಳೆಯ ಕಾಲ. ಮನೆಯಿಂದ ಸ್ಟೇಷನ್ನಿನ ತಿರುವಿಗೆ ಒಬ್ಬಳೇ ಹೋಗುವುದು, ಅಲ್ಲಿಂದ ಯಾರ್ಡಿನ ಗೇಟಿನವರೆಗೆ ಇಬ್ಬರೂ ಬರುವುದು. ಹುಬ್ಬಳ್ಳಿ ಕಡೆಯ ಪ್ಯಾಸೆಂಜರ್ ಗಾಡಿ ಕೂಗು ಹಾಕಿ ಹೋಗುತ್ತಿತ್ತು. ಖಾನಾವಳಿಗಳ ಒಲೆ ಹತ್ತುತ್ತಿತ್ತು. ಸುಗ್ಗಿಯಲ್ಲಾದರೆ ರಾತ್ರಿಯಿಡೀ ಬಂದ ಲಾರಿಗಳು ಸಾಲಾಗಿ ನಿಂತು, ಚೀಲಗಳ ಸಂದಿಯಿಂದ ಕೆಂಪು ಕಾಯಿ ಇಣುಕುತ್ತಿತ್ತು. ಆ ಘಾಟಿಗೆ ಇಬ್ಬರೂ ಸೀನುತ್ತ ಕೆಮ್ಮುತ್ತ ಮಾತಾಡುತ್ತಿದ್ದರು. ಏನು ಮಾತು ಅಂದರೆ ಹೇಳಿಕೊಳ್ಳುವಂಥದ್ದೇನಲ್ಲ. ಸೊಸೆಯಂದಿರು, ಹಲ್ಲುನೋವು, ಅಕ್ಕಿಯಲ್ಲಿ ಹುಳ, ತೀರಿಹೋದ ತಾಯಂದಿರು. ಮೈಮುನಾಬಿ ಜನರ ನಡಿಗೆಯನ್ನು ಅಣಕಿಸಿ ತೋರಿಸುವುದರಲ್ಲಿ ನಿಸ್ಸೀಮಳು. ಪ್ರಭುಲಿಂಗಪ್ಪನವರು ಧೋತರದ ಚುಂಗು ಹಿಡಿದು ಹರಾಜಿಗೆ ಹೋಗುವ ಗತ್ತನ್ನು ಆಕೆ ಮಾಡಿ ತೋರಿಸಿದ ದಿನ ಪ್ರೇಮವ್ವ ನಕ್ಕು ನಕ್ಕು ಕಂಬ ಹಿಡಿದು ನಿಂತಿದ್ದಳು.

ಪ್ರೇಮವ್ವನ ತವರು ಮೇಡ್ಲೇರಿ. ಹುಡುಗಿಯಾಗಿದ್ದಾಗ ಉಚ್ಚಂಗೆವ್ವ ಅನ್ನುವ ಗೆಳತಿಯ ಜೊತೆ ಬಟ್ಟೆಯ ಗಂಟು ಹೊತ್ತು ತುಂಗಭದ್ರೆಗೆ ಹೋಗುತ್ತಿದ್ದಳು. ಹೋಗುವ ದಾರಿ ಬಟ್ಟೆಗಾಗಿ, ಬರುವ ದಾರಿ ಮಾತಿಗಾಗಿ. ಮದುವೆಯಾಗಿ ಬ್ಯಾಡಗಿಗೆ ಬಂದ ಮೇಲೆ ಅತ್ತೆ, ನಾದಿನಿ, ನೆಗೆಣ್ಣಿ, ಆಮೇಲೆ ಮಕ್ಕಳು, ಎಲ್ಲರೂ ಸಿಕ್ಕರು, ಗೆಳತಿಯೊಬ್ಬಳು ಸಿಗಲಿಲ್ಲ. ಸಿಗಲಿಲ್ಲ ಅನ್ನುವುದೂ ಆಕೆಗೆ ಮರೆತುಹೋಗಿತ್ತು. ಸಕ್ಕರೆ ಕಾಯಿಲೆ ಬರದಿದ್ದರೆ ಮರೆತೇ ಸಾಯುತ್ತಿದ್ದಳು ಅಂತ ಕಾಣುತ್ತದೆ.

ಆದರೆ ಇಬ್ಬರ ನಡುವೆ ಒಂದು ಗೆರೆ ಇತ್ತು. ಗೇಟು ಬಂದ ಕೂಡಲೇ ಮಾತು ನಿಲ್ಲುತ್ತಿತ್ತು. ಇವಳು ಮನೆಯ ಕಡೆ, ಅವಳು ಪೊರಕೆಯ ಕಡೆ. ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿದಿರಲಿಲ್ಲ. ಮನೆಯಲ್ಲಿ ಪ್ರೇಮವ್ವ ಮೈಮುನಾಬಿಯ ಹೆಸರನ್ನೇ ಎತ್ತುತ್ತಿರಲಿಲ್ಲ. ಎತ್ತಿದರೆ ಯಾರಾದರೂ ಏನಾದರೂ ಅಂದಾರು, ಅಂದರೆ ಆ ಒಂದು ತಾಸು ಕೈತಪ್ಪೀತು ಅನ್ನುವ ಭಯ.

ತಪ್ಪಿಸಲು ಬಂದದ್ದು ಮಾತಲ್ಲ, ಮಷೀನು. 2005ರ ದೀಪಾವಳಿಗೆ ಮಗ ಪ್ರವೀಣಕುಮಾರ ಹುಬ್ಬಳ್ಳಿಯಿಂದ ನಿಂತಲ್ಲೇ ನಡೆಯುವ ಯಂತ್ರವೊಂದನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದ. ನಾಲ್ವರು ಹಮಾಲರು ಅದನ್ನು ಪಡಸಾಲೆಗೆ ಇಳಿಸಿದರು. ಅವ್ವನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲ ಅನ್ನುವ ಹಾಗಿಲ್ಲ, ಅತಿಯಾಗೇ ಇತ್ತು. "ಥಂಡ್ಯಾಗ, ಘಾಟಿನ್ಯಾಗ ಯಾಕ ತಿರಗಬೇಕಬೇ? ಮನ್ಯಾಗ ಫ್ಯಾನಿನ ಕೆಳಗ ನಡಿ," ಅಂದ. ಪ್ರೇಮವ್ವ ಅದರ ಮೇಲೆ ಹತ್ತಿ ಇಳಿದು, ಕರೆಂಟು ಹೋದಾಗ ಮುಗ್ಗರಿಸಿ, ತಲೆ ತಿರುಗುತ್ತದೆ ಅಂತ ಸಾಧಿಸಿ, ಹೇಗೋ ಹೊರಗಿನ ನಡಿಗೆಯನ್ನು ಉಳಿಸಿಕೊಂಡಳು. ಮಗ ಒಂದು ಮಾತು ಹೇಳಿ ಒಪ್ಪಿದ. "ನೋಡಬೇ, ಹೊರಗ ತಿರಗಿ ಒಮ್ಮೆ ಆರಾಮ ತಪ್ಪಿದ್ರ ಮುಗೀತು. ಆಮ್ಯಾಲ ಈ ಮಷೀನ ಗತಿ."

ಮುಂದಿನ ಸಂಕ್ರಾಂತಿ ಕಳೆದ ವಾರ ಮೂಗು ಸೋರತೊಡಗಿತು. ಪ್ರೇಮವ್ವ ಡಾಕ್ಟರ ಮಾತು ನೆನೆಸಿಕೊಂಡು ಧೈರ್ಯವಾಗಿ ನಡೆದಳು. ಎರಡು ದಿನ ಬಿಟ್ಟು ಕೆಮ್ಮು ಶುರುವಾಯಿತು. ಅದೂ ಗಂಟಲ ಕೆಮ್ಮು ಅಂದುಕೊಂಡಳು. ಆಮೇಲೆ ರಾತ್ರಿ ಮೈ ಬಿಸಿಯಾಗತೊಡಗಿತು, ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚುತ್ತಿತ್ತು. ಬೇರೆ ಊರಾಗಿದ್ದರೆ ಮನೆಯವರಿಗೆ ಗೊತ್ತಾಗಿಬಿಡುತ್ತಿತ್ತು. ಬ್ಯಾಡಗಿಯ ಸುಗ್ಗಿಯಲ್ಲಿ ಕೆಮ್ಮದವರು ಯಾರು, ಕಣ್ಣು ಕೆಂಪಾಗದವರು ಯಾರು? ಪ್ರಭುಲಿಂಗಪ್ಪನವರೇ ದಿನಕ್ಕೆ ನೂರು ಸಲ ಕೆಮ್ಮುತ್ತಿದ್ದರು. "ಯಾಕಬೇ, ಕಣ್ಣು ಹಿಂಗಾಗ್ಯಾವಲ್ಲ?" ಅಂತ ಸ್ನೇಹಾ ಕೇಳಿದರೆ "ಘಾಟು" ಅನ್ನುವುದು. ಊಟ ಬೇಡವೇ ಅಂದರೆ "ಘಾಟಿಗೆ ಬಾಯಿ ಕೆಟ್ಟೈತಿ" ಅನ್ನುವುದು. ಎಲ್ಲರೂ ನಂಬಿದರು. ಹೆಚ್ಚುಕಡಿಮೆ ತಾನೂ ನಂಬಿದಳು.

ನಡೆಯಬೇಕೋ ಮಲಗಬೇಕೋ ಅನ್ನುವುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಡಾಕ್ಟರು ಬಿಡಿಸಿ ಹೇಳಿದ್ದರು, ಆಕೆಯೇ ಕೇಳಿ ತಿಳಿದುಕೊಂಡಿದ್ದಳು. ಆದರೆ ಮಲಗಿದರೆ ಆ ರಸ್ತೆ ಹೋಯಿತು. ಒಂದು ಬೆಳಗಿನ ಜಾವ ಹಾಸಿಗೆಯ ಮೇಲೆ ಎದ್ದು ಕೂತು, ಹಲ್ಲು ಕಟಕಟ ಅನ್ನುವ ಚಳಿಯಲ್ಲಿ ಸ್ವಲ್ಪ ಹೊತ್ತು ಯೋಚಿಸಿ, ಪ್ರೇಮವ್ವ ಶಾಲು ಹೊದ್ದು ಚಪ್ಪಲಿ ಮೆಟ್ಟಿದಳು.

ಸ್ಟೇಷನ್ ತಿರುವಿನಿಂದ ಸ್ವಲ್ಪ ದೂರ ಬಂದಿದ್ದರು. ಮೈಮುನಾಬಿ ಏನೋ ಹೇಳುತ್ತಿದ್ದಳು, ಪ್ರೇಮವ್ವನಿಗೆ ಅರ್ಧ ಕೇಳಿಸುತ್ತಿತ್ತು. ಲಾರಿಯೊಂದರ ಹತ್ತಿರ ಕಾಲು ತಡವರಿಸಿತು. ಮೈಮುನಾಬಿ ತಟ್ಟನೆ ಕೈ ಹಿಡಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಆಕೆ ಮುಟ್ಟಿದ್ದು. ಮುಟ್ಟಿದವಳು ಕೈ ಬಿಡಲಿಲ್ಲ.

"ಅಕ್ಕಾರ, ಮೈ ಕೆಂಡ ಆಗೈತಲ್ರಿ."

"ಘಾಟು," ಅಂದಳು ಪ್ರೇಮವ್ವ.

"ಘಾಟಿಗೆ ಕೈ ಸುಡ್ತಾವೇನ್ರಿ? ನನ್ನ ಮುಂದ ಹೇಳಬ್ಯಾಡ್ರಿ, ನಾ ಅದರಾಗ ಹುಟ್ಟಿದಾಕಿ. ನಡೀರಿ ಮನೀಗೆ."

ಪ್ರೇಮವ್ವ ಲಾರಿಗೆ ಒರಗಿ ನಿಂತು ಎಲ್ಲವನ್ನೂ ಹೇಳಿದಳು. ಮಗನ ಮಷೀನು, ಅವನ ಷರತ್ತು. "ನಾ ಮಲಗಿದ್ರ ಮುಗೀತು ಮೈಮುನಾ. ಇನ್ನ ನೀ ಯಾರೋ, ನಾ ಯಾರೋ. ಮನ್ಯಾಗ ಹೇಳಬ್ಯಾಡ."

ಮೈಮುನಾಬಿ ಪ್ರೇಮವ್ವನ ತೋಳು ತನ್ನ ಹೆಗಲ ಮೇಲೆ ಹಾಕಿಕೊಂಡು, ಯಾರ್ಡಿಗೆ ಬೆನ್ನು ಮಾಡಿ, ದಲಾಲರ ಓಣಿಯ ನಟ್ಟನಡುವೆ ನಡೆಸಿಕೊಂಡು ಹೋದಳು. ನೋಡುವವರೆಲ್ಲ ನೋಡಿದರು. ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಪ್ರಭುಲಿಂಗಪ್ಪನವರಿಗೆ, "ಇದು ಘಾಟಲ್ರಿ ಸಾವ್ಕಾರ. ಜ್ವರ ಬಂದು ಭಾಳ ದಿನಾ ಆಗೈತಿ. ಮುಚ್ಚಿಟ್ಟಾರ," ಅಂತ ಹೇಳಿ, ಒಳಗೆ ಕಾಲಿಡದೆ ತಿರುಗಿ ಹೋದಳು.

ಪ್ರೇಮವ್ವನನ್ನು ಜ್ವರಕ್ಕಿಂತ ಅದು ಹೆಚ್ಚು ಸುಟ್ಟಿತು. ಹೇಳಬೇಡ ಅಂದದ್ದನ್ನೇ ಹೇಳಿದಳಲ್ಲ. ಹಾವೇರಿಯ ದವಾಖಾನೆಯಲ್ಲಿ ನ್ಯುಮೋನಿಯಾ ಅಂದರು, ಇನ್ನೆರಡು ದಿನ ತಿರುಗಾಡಿದ್ದರೆ ಕಷ್ಟವಿತ್ತು ಅಂದರು. ಅಲ್ಲಿ ಕೆಲವು ದಿನ ಮಲಗಿ, ಮನೆಗೆ ಬಂದು ಒಳಕೋಣೆಯಲ್ಲಿ ಮಲಗಿದಳು. ನೋಡಲು ಊರೆಲ್ಲ ಬಂದಿತು, ಮೈಮುನಾಬಿ ಬರಲಿಲ್ಲ. ಒಳಕೋಣೆಗೆ ರಸ್ತೆ ಕಾಣುತ್ತಿರಲಿಲ್ಲ. ಅವಳಿಗೇನು, ಜೊತೆಗೆ ನಡೆಯಲು ಇನ್ನೊಬ್ಬರು ಸಿಕ್ಕಾರು ಅಂತ ಪ್ರೇಮವ್ವ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಕಣ್ಣೀರು ಬಂದರೆ ಈಗ ಘಾಟು ಅನ್ನಲೂ ಬಾಯಿ ಬರುತ್ತಿರಲಿಲ್ಲ.

ಇದೆಲ್ಲ ಆಗಿ ಎಷ್ಟೋ ಕಾಲವಾಯಿತು. ಮೈಮುನಾಬಿ ಆಮೇಲೆ ಮಗಳ ಮನೆಗೆಂದು ರಾಣೇಬೆನ್ನೂರಿಗೆ ಹೋದಳು, ಅಲ್ಲೇ ತೀರಿಕೊಂಡಳು. ಪ್ರಭುಲಿಂಗಪ್ಪನವರೂ ಈಗ ಇಲ್ಲ. ಪ್ರೇಮವ್ವ ಮೊಮ್ಮಕ್ಕಳಿಗೆ ಆ ದಿನಗಳನ್ನು ಹೇಳುವಾಗ ಜ್ವರದ ವಿಷಯ ಬೇಗ ಮುಗಿಸಿಬಿಡುತ್ತಾಳೆ. ಅದರ ಮುಂದಿನ ಒಂದು ಬೆಳಗನ್ನು ಮಾತ್ರ ನಿಧಾನವಾಗಿ ಹೇಳುತ್ತಾಳೆ.

ಹಿಂದಿನ ದಿನ ಡಾಕ್ಟರು ಇನ್ನು ಸ್ವಲ್ಪ ಸ್ವಲ್ಪ ನಡೆಯಬಹುದು ಅಂದಿದ್ದರು. ಪ್ರವೀಣಕುಮಾರ ಅವ್ವನ ಕೈ ಹಿಡಿದು ಮಷೀನಿನ ಮೇಲೆ ನಿಲ್ಲಿಸಿ, ಮೆಲ್ಲನೆಯ ವೇಗಕ್ಕೆ ತಿರುವಿ, ಸ್ನಾನಕ್ಕೆ ಹೋಗಿದ್ದ. ಪ್ರೇಮವ್ವ ಎದುರಿನ ಗೋಡೆ ನೋಡುತ್ತ ಹೆಜ್ಜೆ ಹಾಕುತ್ತಿದ್ದಳು. ಹೊರಗಿನಿಂದ ಪ್ರಭುಲಿಂಗಪ್ಪನವರು ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಒಳಗೆ ಬಂದರು, ಸೀದಾ ಹೋಗಿ ಸ್ವಿಚ್ಚು ಆರಿಸಿದರು.

"ಯಾಕ್ರಿ?"

"ಶಾಲು ಹೊದ್ಕೋ. ಹೊರಗ ಥಂಡಿ ಐತಿ."

ಆಕೆಗೆ ಅರ್ಥವಾಗಲಿಲ್ಲ. ಅವರು ಹೆಂಡತಿಯ ಮುಖ ನೋಡದೆ, ಬಾಗಿಲ ಕಡೆ ನೋಡುತ್ತ ಹೇಳಿದರು. "ನೀ ಮಲಗಿದಾಗಿಂದ ದಿನಾ ಮುಂಜಾನೆ ಬಂದು ನಿಂದರ್ತಾಳ. ಹೆಂಗದಾರ್ರಿ ಅಂತ ಕೇಳ್ತಾಳ. ಇವತ್ತ ಗಂಜಿ ಕುಡದ್ಲು, ಇವತ್ತ ಎದ್ದು ಕುಂತ್ಲು ಅಂತ ನಾ ಹೇಳ್ತೇನಿ. ಒಳಗ ಬಾ ಅಂದ್ರ ಬರೂದಿಲ್ಲ. ನಿನ್ನ ಮುಂದ ಹೇಳ್ಬ್ಯಾಡ್ರಿ, ಸಿಟ್ಟಾಗ್ಯಾರ ಅಂತಾಳ. ಇವತ್ತ ನಡೆಯಾಕತ್ಯಾಳ ಅಂದೆ. ನೋಡು, ಆಕಿ ಹೋಗವಲ್ಲಳು."

ಪ್ರೇಮವ್ವ ಮಷೀನಿನ ಕಂಬಿ ಹಿಡಿದು ನಿಂತೇ ಇದ್ದಳು.

"ಪ್ರವೀಣಗ ಏನ ಹೇಳೂದೈತಿ, ನಾ ಹೇಳ್ತೇನಿ," ಅಂದರು ಅವರು. "ಲಗೂ ನಡಿ. ನಿನ್ನ ಗೆಳತಿ ಕಾಯಾಕತ್ತಾಳ."