ಅಜ್ಜನ ಕಂಬಳಿ, ಕ್ರೀಡಾಮಂತ್ರಿಯ ಸಭೆ

ಮೂಡಲಗಿ ಕಡೆಯ ಹಳ್ಳಿಯೊಂದರ ನಮ್ಮ ಶಾಲೆಯಲ್ಲಿ ಮಕ್ಕಳ ಸಂಸತ್ತಿಗೆ ಚುನಾವಣೆ ಮಾಡಿಸುವ ಕೆಲಸ ನನ್ನ ತಲೆಗೆ ಬಿತ್ತು. ದಿನಾ ಗೋಕಾಕದಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬರುವ ನನಗೆ ಗಣಿತ ಕಲಿಸುವುದೇ ಸಾಕಾಗಿತ್ತು. ಇದೆಲ್ಲ ಫೋಟೊ ತೆಗೆಸಿಕೊಳ್ಳುವ ಆಟ ಎಂದು ಗೊಣಗುತ್ತಲೇ ಮಾಡಿಸಿದೆ.

ಕುರಿ ಕಾಯುವವರ ಮನೆಯ ಏಳನೆಯ ತರಗತಿ ಹುಡುಗಿ ಕ್ರೀಡಾಮಂತ್ರಿಯಾದಳು. ಮೂಡಲಗಿಯ ಖೊ-ಖೊ ಪಂದ್ಯಕ್ಕೆ ಹೆಣ್ಣುಮಕ್ಕಳ ತಂಡ ಒಯ್ಯುತ್ತೇನೆಂದು ಮಾತು ಕೊಟ್ಟೇ ಗೆದ್ದಿದ್ದಳು. ಆದರೆ ಶಾಲೆಯ ಮೈದಾನದ ತುಂಬ ಗೋವಿನಜೋಳ ಒಣಗಲು ಹರವಿತ್ತು. ಅದೂ ಯಾರದು? ಅವಳ ಸ್ವಂತ ಅಜ್ಜನದು! ಊರಿನ ಜಗಳ ಬಗೆಹರಿಸುವ ಹಿರಿಯ ಆತ. ಅವನಿಗೆ ಎದುರು ಹೇಳಲು ನಮ್ಮ ಹೆಡ್‌ಮಾಸ್ತರಿಗೂ ಧೈರ್ಯವಿರಲಿಲ್ಲ.

ಮಂತ್ರಿ, ಅಜ್ಜ ನ್ಯಾಯ ಹೇಳಲು ಕೂರುವ ಕಂಬಳಿಯನ್ನೇ ಮನೆಯಿಂದ ಹೊತ್ತು ತಂದಳು. ಅದರ ಮೇಲೆ ಕೂತವರು ಸುಳ್ಳು ಹೇಳುವಂತಿಲ್ಲ ಎಂಬುದು ಅವರ ಮನೆಯ ಕಟ್ಟಳೆ. ಬೇವಿನ ಮರದ ಕೆಳಗೆ ಅದನ್ನು ಹಾಸಿ, ಸುತ್ತ ನೆಲದ ಮೇಲೆ ಮಂತ್ರಿಮಂಡಲವನ್ನು ಕೂರಿಸಿ, ಅಜ್ಜನನ್ನು ಕರೆಸಿದಳು.

"ಕುಂಡ್ರ ಅಜ್ಜಾ. ನಮ್ಮ ಹೊಲದಾಗ ಕಣ ಐತೋ ಇಲ್ಲೋ?"

ಅಜ್ಜ ನನ್ನತ್ತ ನೋಡಿದ. ನಾನು ಬೇವಿನ ಮರ ನೋಡಿದೆ.

"ಐತಿ."

"ಮತ್ತ ಇಲ್ಲ್ಯಾಕ ಹಾಕಿದಿ?"

"ಟ್ರ್ಯಾಕ್ಟರ್ ಬರಾಕ ಇಲ್ಲಿ ಸಲೀಸ ಆಗತೈತಿ."

"ನಾವ್ ಎಲ್ಲಿ ಓಡೂನು?"

ಈಗ ಅಜ್ಜ ಗದರಿದರೆ ಈ ಹುಡುಗಿ ಮತ್ತೆಂದೂ ಬಾಯಿ ತೆರೆಯುವುದಿಲ್ಲ ಎನಿಸಿ ಹೆದರಿದ್ದೆ. ಅಜ್ಜ ರುಮಾಲು ತೆಗೆದು ತಲೆ ಕೆರೆದುಕೊಂಡ.

"ನೀ ಅನ್ನೂದು ಖರೆ ಐತವಾ. ನಾಳೆ ತಗೀತೇನಿ."

"ಇವತ್ತ ಸಂಜೀಕ ತಗಿ. ಚೀಲಾ ತುಂಬಾಕ ನಾವೂ ಬರತೇವಿ."

ಅಜ್ಜ ಬಿದ್ದು ಬಿದ್ದು ನಕ್ಕ. ಸಂಜೆ ಮಂತ್ರಿಮಂಡಲವೆಲ್ಲ ಮೈತುಂಬ ಹೊಟ್ಟು ಮೆತ್ತಿಕೊಂಡು ಚೀಲ ತುಂಬಿತು. ಮೂಡಲಗಿಯಲ್ಲಿ ನಮ್ಮ ತಂಡ ಮೊದಲ ಪಂದ್ಯದಲ್ಲೇ ಸೋತು, ಗೆದ್ದವರಿಗಿಂತ ಜೋರಾಗಿ ಹಾಡುತ್ತ ವಾಪಸು ಬಂತು. ಅವರ ಜೊತೆ ನಾನೂ ಹಾಡಿದೆ.

ಆಮೇಲೊಂದು ದಿನ ಮಂತ್ರಿ ತಡವಾಗಿ ಬಂದಳು.

"ಎಲ್ಲಿ ಹೋಗಿತ್ತವಾ ನಿನ್ನ ಸವಾರಿ?" ಎಂದು ರೇಗಿದೆ.

"ಯಾರದೋ ಕುರಿ ಹೊಲಾ ಹೊಕ್ಕಿದ್ದೂರಿ ಟೀಚರ್. ನಮ್ಮನ್ಯಾಗ ನ್ಯಾಯ ಇತ್ತು. ಅಜ್ಜ ನನಗ, 'ನೀನೂ ಬಾ, ಬಾಜೂಕ ಕುಂಡ್ರು, ನಿನಗ ಚೊಲೋ ಪ್ರಶ್ನಿ ಕೇಳಾಕ ಬರತೈತಿ' ಅಂದ."

"ಕಂಬಳಿ ಮ್ಯಾಲ?"

"ಹೂನ್ರಿ. ನಮ್ಮ ಮನ್ಯಾಗ ಹೆಣ್ಮಕ್ಕಳು ಯಾರೂ ಅದರ ಮ್ಯಾಲ ಕುಂತಿದ್ದಿಲ್ಲಂತ್ರಿ. ನಾನ ಮೊದಲಿನಾಕಿ."