ಅಮ್ಮನವರ ಹೆಸರಿನ ಮೇಲ್

ಅಮ್ಮನವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಭತ್ತದ ಕಾಳನ್ನು ಆ ಉಗುರಿನಿಂದಲೇ ಸುಲಿದು, ಒಳಗಿನ ಅಕ್ಕಿಯನ್ನು ಹಲ್ಲಿನ ನಡುವೆ ಕಟಕ್ಕನೆ ಮುರಿದು, ಹಸಿ ಎಷ್ಟಿದೆ, ಗಿರಣಿಗೆ ಹಾಕಿದರೆ ನುಚ್ಚು ಎಷ್ಟು ಬೀಳುತ್ತದೆ ಎಂದು ಹೇಳುತ್ತಿದ್ದರು. ಸೀಳು ಕೂಡಿಕೊಳ್ಳಲು ಅವರು ಬಿಡುವೇ ಕೊಡಲಿಲ್ಲ. ಹಣೆಗೆ ವಿಭೂತಿ, ತಲೆ ಮೇಲೆ ಸೆರಗು, ಸೆರಗಿನ ಮೇಲೆ ಸಣ್ಣ ತವುಡಿನ ಪುಡಿ. ಮಾನ್ವಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿದ್ದ ಅಕ್ಕಿ ಗಿರಣಿಯ ಆಫೀಸಿನಲ್ಲಿ ಅವರನ್ನು ನಾನು ಮೊದಲು ನೋಡಿದ್ದು ಹೀಗೆ.

ಗಿರಣಿ ಅವರ ಗಂಡ ಮತ್ತು ಮೈದುನನದು. ಗಂಡ ಹೃದಯಾಘಾತದಿಂದ ತೀರಿಕೊಂಡಾಗ ಗಿರಣಿ ಕುಂಟುತ್ತಿತ್ತು. ರಾಯಚೂರಿನಲ್ಲಿ ಹತ್ತಿ ವ್ಯಾಪಾರ ಮಾಡಿಕೊಂಡಿದ್ದ ಮೈದುನ, ಇದನ್ನು ಮುಚ್ಚಿಬಿಡೋಣ ಅಂದರಂತೆ. ಅಮ್ಮನವರು ಒಪ್ಪಲಿಲ್ಲ. ಆ ಮನೆಯ ಹೆಣ್ಣುಮಕ್ಕಳು ಗಿರಣಿಯ ಗೇಟು ದಾಟಿದ್ದು ಪೂಜೆಗೆ ಮಾತ್ರ. ಗಂಡನ ದಿನಕರ್ಮ ಮುಗಿಸಿ ಇವರು ಸೀದಾ ಬಂದು ಗಂಡನ ಕುರ್ಚಿಯಲ್ಲಿ ಕೂತರು. ಹಮಾಲರಿಂದ ಹಿಡಿದು ಲಾರಿ ಡ್ರೈವರ್‌ಗಳವರೆಗೆ ಎಲ್ಲರಿಗೂ ‘ಅಮ್ಮಾರು’ ಆದರು.

ನಾನು ದೇವದುರ್ಗದ ಹುಡುಗಿ. ಬಿ.ಕಾಂ. ಮುಗಿಸಿ, ಗಿರಣಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಜನ ಬೇಕಂತೆ ಎಂದು ಕೇಳಿ ಬಂದಿದ್ದೆ. ಸರ್ಟಿಫಿಕೇಟುಗಳನ್ನು ಮುಂದಿಟ್ಟರೆ ಅವರು ಬಿಚ್ಚಿಯೂ ನೋಡಲಿಲ್ಲ. “ಕೆಟ್ಟ ಸುದ್ದಿ ಹೇಳಾಕ ಬರ್ತದೇನವ್ವ ನಿನಗ? ಚಲೋ ಸುದ್ದಿ ಎಲ್ಲಾರೂ ಹೇಳ್ತಾರ,” ಅಂದರು. ಬರ್ತದ್ರಿ ಅಂದೆ. ನನ್ನ ಊರು ದೇವದುರ್ಗ ಎಂದಾಗ ಮುಖ ಅರಳಿತು. ಅವರ ತವರು ಅದೇ ತಾಲ್ಲೂಕಿನ ಗೂಗಲ್. ಕಂಪ್ಯೂಟರ್ ರಿಪೇರಿಗೆ ಬಂದವರೆಲ್ಲ ಆ ಊರಿನ ಹೆಸರು ಕೇಳಿ ಒಂದೇ ತಮಾಷೆ ಮಾಡುತ್ತಿದ್ದರು. ಅಮ್ಮನವರು ನಗುತ್ತಿರಲಿಲ್ಲ. ನಮ್ಮೂರು ಅಲ್ಲಮಪ್ರಭು ಕುಂತ ಊರು, ನಿಮ್ಮ ಕಂಪನಿ ನಿನ್ನೆ ಹುಟ್ಟಿದ್ದು ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆಗ ಗಿರಣಿಯ ಇಮೇಲ್ ಎಂದರೆ ಮೈದುನನ ಮಗ ಕಾಲೇಜಿನಲ್ಲಿದ್ದಾಗ ಮಾಡಿಕೊಟ್ಟ ಪುಕ್ಕಟೆ ವಿಳಾಸ. ಅದರಲ್ಲಿ ಅವನ ಅಡ್ಡಹೆಸರು, ಅವನ ಬೈಕಿನ ನಂಬರು ಎಲ್ಲ ಇದ್ದವು. ಒಮ್ಮೆ ಯಾರೋ ಅಂಥದ್ದೇ ಇನ್ನೊಂದು ವಿಳಾಸ ಮಾಡಿಕೊಂಡು, ಗಿರಣಿಯ ಹೆಸರಿನಲ್ಲಿ ಸೊಲ್ಲಾಪುರದ ವ್ಯಾಪಾರಿಗೆ ದರಪಟ್ಟಿ ಕಳಿಸಿ, ಮುಂಗಡ ತಿಂದು ಮಾಯವಾದರು. ವ್ಯಾಪಾರಿ ಮಾನ್ವಿಗೇ ಬಂದು ಆಫೀಸಿನ ಮುಂದೆ ನಿಂತು ಬೈದ. ಅಮ್ಮನವರು ಅವನನ್ನು ಒಳಗೆ ಕರೆದು ಕೂಡಿಸಿ, ಊಟಕ್ಕಿಕ್ಕಿ, ಅದು ನಮ್ಮದಲ್ಲ ಎಂದು ತೋರಿಸಿದರು. ಆದರೆ ಅವನು ಹೋಗುವಾಗ ಅಂದ ಮಾತು ಅವರಿಗೆ ನಾಟಿತು. ನಿಮ್ಮದು ಯಾವುದು, ಕಳ್ಳನದು ಯಾವುದು ಎಂದು ನಾವು ಹೇಗೆ ಗುರುತು ಹಿಡಿಯುವುದು ಎಂದು ಅವನು ಕೇಳಿದ್ದ.

ಮರುದಿನವೇ ನನ್ನನ್ನು ಕರೆದುಕೊಂಡು ರಾಯಚೂರಿಗೆ ಹೊರಟರು. ಅಲ್ಲಿ ವೆಬ್‌ಸೈಟ್ ಮಾಡಿಕೊಡುವವನೊಬ್ಬ ಡೊಮೇನ್ ಎಂದರೇನು ಎಂದು ಬಿಡಿಸಿ ಹೇಳಿದ. ಇಮೇಲ್ ವಿಳಾಸದ ಹಿಂದಿನ ಅರ್ಧಕ್ಕೆ ನಮ್ಮ ಗಿರಣಿಯ ಹೆಸರನ್ನೇ ಹಾಕಿಕೊಳ್ಳಬಹುದು, ಆ ಹೆಸರು ಜಗತ್ತಿನಲ್ಲಿ ಒಬ್ಬರಿಗೇ ಸಿಗುವುದು, ವರ್ಷ ವರ್ಷ ನವೀಕರಿಸಬೇಕು ಎಂದ. ಅಮ್ಮನವರು ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡು, ಪ್ಲಾಟ್ ಇದ್ದಂಗ ಅನ್ನು ಎಂದರು. ಆಮೇಲೆ ಒಂದೇ ಪ್ರಶ್ನೆ. “ಇದು ಯಾರ ಹೆಸರಿಗೆ ಆಗ್ತದಪ?”

ಯಾರ ಫೋನು, ಯಾರ ಇಮೇಲ್ ಕೊಟ್ಟು ತೆಗೆಸುತ್ತೀರೋ ಅವರ ಕೈಯಲ್ಲಿ ಇರುತ್ತದೆ ಎಂದ ಅವನು. ರಾಯಚೂರಿನಲ್ಲಿದ್ದ ಮೈದುನನ ಮಗನೂ ಅಲ್ಲಿ ನಮ್ಮ ಜೊತೆಗೂಡಿದ್ದ. ಅಮ್ಮನವರಿಗೆ ಮಕ್ಕಳಿರಲಿಲ್ಲ. ಈ ಹುಡುಗ ಶಾಲೆ ಕಲಿತದ್ದು ಮಾನ್ವಿಯಲ್ಲಿ, ಇವರ ಕೈತುತ್ತು ತಿಂದು. “ದೊಡ್ಡವ್ವ, ಓಟಿಪಿ ಗೀಟಿಪಿ ಬರ್ತಾವ, ನಿನಗ್ಯಾಕ ತ್ರಾಸು. ನನ್ನ ನಂಬರ್ ಕೊಡ್ತೀನಿ,” ಅಂದ. ಅಮ್ಮನವರು ನನ್ನ ಕಡೆ ತಿರುಗಿ, ನೋಡು ಹೆಂಗ ದೊಡ್ಡಾಂವ ಆಗ್ಯಾನ ಎಂಬಂತೆ ನಕ್ಕರು. ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಮಗನೆಂದು ನಂಬಿದವರ ನಗು ಅದು.

ವಿಳಾಸಗಳು ಆದವು. ಮಾರಾಟಕ್ಕೊಂದು, ಲೆಕ್ಕಕ್ಕೊಂದು, ಅಮ್ಮನವರ ಹೆಸರಿನದೇ ಒಂದು. ತಮ್ಮ ಹೆಸರು, ಆ ಸುತ್ತಿದ ಚಿಹ್ನೆ, ಆಮೇಲೆ ಗಿರಣಿಯ ಹೆಸರು. ಪರದೆಯ ಮೇಲೆ ಅದನ್ನು ಮೊದಲು ಕಂಡಾಗ ಸೆರಗು ಸರಿಮಾಡಿಕೊಂಡು, ಫೋಟೋಕ್ಕೆ ಕೂತವರ ಹಾಗೆ ನೆಟ್ಟಗೆ ಕೂತರು.

ಅವರು ಹೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಪ್ರತಿ ಮೇಲೂ ‘ಶರಣು’ ಎಂದೇ ಶುರುವಾಗಬೇಕು. ಪುಣೆಯ ವ್ಯಾಪಾರಿಯ ಮೊಣಕಾಲು ನೋವು, ಚೆನ್ನೈನ ಖಾನಾವಳಿಯವರ ಮಗಳ ಪರೀಕ್ಷೆ, ಎಲ್ಲ ವಿಚಾರಿಸಿ ಆಮೇಲೆ ಅಕ್ಕಿಯ ಮಾತು. ಆದರೆ ಮಾಲಿನಲ್ಲಿ ದೋಷವಿದ್ದರೆ ಕ್ಷೇಮಸಮಾಚಾರಕ್ಕೂ ಮುಂಚೆ ಅದನ್ನೇ ಬರೆಸುತ್ತಿದ್ದರು. ಒಂದು ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಭತ್ತ ಕೆಟ್ಟಿತು. ಸುತ್ತಲಿನ ಗಿರಣಿಗಳು ಸುಮ್ಮನೆ ಪಾಲಿಶ್ ಹೊಡೆದು ಕಳಿಸಿದವು. ಅಮ್ಮನವರು ಕೊಳ್ಳುವವರಿಗೆಲ್ಲ ಬರೆಸಿದರು. ಈ ಸಲದ ಅಕ್ಕಿ ಮುರಿಯುತ್ತದೆ, ಅನ್ನ ಮುದ್ದೆಯಾಗುತ್ತದೆ, ಇಡ್ಲಿ-ದೋಸೆಗೆ ಬೇಕಿದ್ದರೆ ಒಯ್ಯಿರಿ, ಊಟಕ್ಕೆ ಬೇಡ. ನಾನು ಅದನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ. ಆ ವರ್ಷ ಗಿರಣಿ ಬಳಲಿತು. ಮುಂದಿನ ವರ್ಷದಿಂದ ಪುಣೆ, ಚೆನ್ನೈ ಕಡೆಯವರು ಸ್ಯಾಂಪಲ್ ಕೇಳುವುದನ್ನೇ ಬಿಟ್ಟರು. ಅಮ್ಮನ ಮೇಲ್ ಬಂದರೆ ಸಾಕು, ಲಾರಿ ಕಳಿಸಿ ಎನ್ನುತ್ತಿದ್ದರು.

ಗಿರಣಿ ನೆಟ್ಟಗಾದದ್ದೇ ತಪ್ಪಾಯಿತು. ಮುಚ್ಚೋಣ ಎಂದಿದ್ದ ಮೈದುನನಿಗೆ ಈಗ ಅತ್ತಿಗೆಯ ದಣಿವು ಕಾಣತೊಡಗಿತು. ರಾಯಚೂರಿನ ಅವರ ಮನೆಯಲ್ಲಿ ಹಿರಿಯರು ಕೂತರು. ಮಕ್ಕಳಿಲ್ಲದ ಹೆಣ್ಣುಮಗಳು ಗಿರಣಿ ಇಟ್ಟುಕೊಂಡು ಯಾರಿಗೆ ಕೊಡಬೇಕು ಎಂದರು. ಮಾನ್ವಿಯ ಹಳೆ ಮನೆ, ಕಾಲುವೆ ಬದಿಯ ಹೊಲ ಇವರಿಗೆ, ಗಿರಣಿ ಅವರಿಗೆ ಎಂದು ಬಾಯಿಮಾತಿನಲ್ಲೇ ಮುಗಿಸಿದರು. ಅಮ್ಮನವರು ಜಗಳವಾಡಲಿಲ್ಲ. ಹುಡುಗನ ಮುಖ ನೋಡಿ ಒಪ್ಪಿದರು. ಕೇಳಿದ್ದು ಒಂದೇ, ತಮ್ಮ ಹೆಸರಿನ ಇಮೇಲ್ ಮುಚ್ಚಿಬಿಡಬೇಕು. ಹಿರಿಯರು ನಕ್ಕರು. ಇಷ್ಟು ದೊಡ್ಡ ವಿಷಯದ ನಡುವೆ ಇದೇನು ಎಂದರು. ಆಗಲಿ ದೊಡ್ಡವ್ವ ಎಂದ ಹುಡುಗ.

ಮರುವಾರ ಪಾಸ್‌ವರ್ಡ್ ಬದಲಾಗಿತ್ತು. ನನ್ನನ್ನೂ ಕೆಲಸದಿಂದ ಬಿಡಿಸಿದರು. ನಾನು ರಾಯಚೂರಿನ ಒಬ್ಬ ದಲ್ಲಾಳಿಯ ಅಂಗಡಿ ಸೇರಿಕೊಂಡೆ, ಅಕ್ಕಿ ಖರೀದಿಯ ಪತ್ರವ್ಯವಹಾರಕ್ಕೆ.

ಕೆಲವು ತಿಂಗಳ ಮೇಲೆ ಪುಣೆಯ ವ್ಯಾಪಾರಿ ಅಮ್ಮನವರಿಗೆ ಫೋನ್ ಮಾಡಿದರು. ಹಳೆ ಅಕ್ಕಿ ಎಂದು ನೀವೇ ಬರೆದಿರಿ, ಬಂದದ್ದು ಹೊಸದು, ಅದರಲ್ಲೂ ಬೆರಕೆ, ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎಂದರು. ತಾವು ಬರೆದೇ ಇಲ್ಲ ಎಂದು ಅಮ್ಮನವರು ಹೇಳಿದರೆ, ನಿಮ್ಮದೇ ವಿಳಾಸ, ನಿಮ್ಮದೇ ಶರಣು, ನನ್ನ ಮೊಣಕಾಲು ಸಹ ಕೇಳಿದ್ದೀರಿ ಎಂದರು ಅವರು.

ಅಮ್ಮನವರು ಬಸ್ಸು ಹತ್ತಿ ರಾಯಚೂರಿಗೆ ಬಂದು, ನನ್ನನ್ನು ಕರೆದುಕೊಂಡು ಮೈದುನನ ಮಗನ ಆಫೀಸಿಗೆ ಹೋದರು. ಅವನು ಎದ್ದು ನಿಂತು ಕಾಲು ಮುಟ್ಟಿದ, ಚಹಾ ತರಿಸಿದ. ಸಿಟ್ಟಾಗಲಿಲ್ಲ. “ಮಂದಿ ನಿನ್ನ ಹೆಸರಿಗೆ ಮಾಲ್ ತಗೋತಾರ, ದೊಡ್ಡವ್ವ. ಅದನ್ಯಾಕ ಮುಚ್ಚಬೇಕು? ನಿನಗೂ ಮರ್ಯಾದಿ ಅಲ್ಲೇನು?” ಅಂದ.

ಅಮ್ಮನವರು ಚಹಾ ಮುಟ್ಟಲಿಲ್ಲ. “ಗಿರಣಿ ನೀನ ಇಟ್ಕೊ, ಯಪ್ಪಾ,” ಅಂದರು. “ನನ್ನ ಬಾಯಿ ನನಗ ಕೊಟ್ಟುಬಿಡು.”

ಡೊಮೇನು ತನ್ನ ಹೆಸರಿಗೆ ಇದೆ, ಕಾಗದದ ಪ್ರಕಾರ ಅದು ಗಿರಣಿಯ ಆಸ್ತಿ ಎಂದು ಅವನು ಮೆತ್ತಗೆ ತಿಳಿಸಿ ಹೇಳಿದ. ವಕೀಲರೂ ಹೆಚ್ಚು ಕಡಿಮೆ ಅದನ್ನೇ ಅಂದರು, ಮೋಸ ಎಂದು ಪೊಲೀಸರಿಗೆ ಕೊಡಬಹುದು ಎಂದೂ ಸೇರಿಸಿದರು. ಹಿರಿಯರು ಮನಿ ಮಾತು ಹೊರಗ ಯಾಕ ಎಂದರು. ಕೈತುತ್ತು ಹಾಕಿದ ಹುಡುಗನ ಮೇಲೆ ಪೊಲೀಸರನ್ನು ಕಳಿಸಲು ಅಮ್ಮನವರಿಗೂ ಮನಸ್ಸಾಗಲಿಲ್ಲ.

ಬದಲಿಗೆ ಹೊಸ ಡೊಮೇನ್ ತೆಗೆಸಿದರು. ಈ ಸಲ ತಮ್ಮದೇ ಫೋನು, ಓಟಿಪಿಯನ್ನು ತಾವೇ ಓದಿ ಹೇಳಿದರು. ಹಳೆಯ ಕೊಳ್ಳುವವರಿಗೆಲ್ಲ ಬರೆಸಿದರು: ಗಿರಣಿ ಈಗ ನನ್ನದಲ್ಲ, ಆ ವಿಳಾಸದಿಂದ ನನ್ನ ಹೆಸರಿನಲ್ಲಿ ಬರುವ ಮಾತು ನನ್ನದಲ್ಲ. ಕಳಿಸಿದ ಮೇಲೆ ಎಷ್ಟೋ ದಿನಕ್ಕೆ ಹಗುರಾದವರಂತೆ ಕಂಡರು.

ಎರಡೇ ದಿನಕ್ಕೆ ಹಳೆ ವಿಳಾಸದಿಂದ ಎಲ್ಲರಿಗೂ ಇನ್ನೊಂದು ಮೇಲ್ ಹೋಯಿತು. ಯಾರೋ ವಂಚಕರು ನನ್ನ ಹೆಸರಿನಲ್ಲಿ ಹೊಸ ವಿಳಾಸ ಮಾಡಿಕೊಂಡು ಬರೆಯುತ್ತಿದ್ದಾರೆ, ಹುಷಾರಾಗಿರಿ ಎಂದು. ಕೆಳಗೆ ಅಮ್ಮನವರ ಹೆಸರು. ಪುಣೆಯವರೇ ಅದನ್ನು ಹೊಸ ವಿಳಾಸಕ್ಕೆ ತಿರುಗಿ ಕಳಿಸಿ, ನೀವು ಯಾರು ಎಂದು ಕೇಳಿದ್ದರು. ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಮ್ಮನವರು ಇನ್ನೊಮ್ಮೆ ಓದಿಸಿದರು. ಫೋನ್ ಮಾಡೋಣ್ರಿ ಅಮ್ಮಾರ, ನಿಮ್ಮ ದನಿ ಅವರಿಗೆ ಗೊತ್ತದ ಅಂದೆ. ಬ್ಯಾಡ ಎಂದು ಕೈಯಾಡಿಸಿದರು. “ನಾನ ನಾನು ಅಂತ ಎಷ್ಟು ಮಂದಿಗೆ ಹೇಳ್ಕೋತ ಹೋಗ್ಲಿ?”

ಆ ಮೇಲೆ ಅವರು ಅನ್ನ ಉಣ್ಣುವುದನ್ನು ಬಿಟ್ಟರು. ಜೋಳದ ರೊಟ್ಟಿ ಸಾಕು ಎನ್ನುತ್ತಿದ್ದರು. ನಾನು ಹೋದಾಗಲೆಲ್ಲ ಹೊಲದ ಮಾತು, ಗೂಗಲ್ಲಿನ ಹೊಳೆಯ ಮಾತು ಆಡುತ್ತಿದ್ದರೇ ಹೊರತು ಗಿರಣಿಯ ಮಾತಿಲ್ಲ. ಮೂತ್ರಪಿಂಡ ಕೆಟ್ಟು ರಾಯಚೂರಿನ ಆಸ್ಪತ್ರೆಯಲ್ಲಿ ಮಲಗಿದಾಗ ಬಿಲ್ಲು ಕಟ್ಟಿದವನು ಆ ಹುಡುಗನೇ. ಅವರು ತೀರಿಕೊಂಡು ಮಣ್ಣು ಮಾಡಿದ ದಿನ ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ. ಅದು ಸುಳ್ಳು ಅಳುವೆಂದು ನಾನು ಹೇಳಲಾರೆ. ಹೇಳಲಾಗದ್ದೇ ನನಗೆ ಹೆಚ್ಚು ಕಹಿ.

ಅಕ್ಕಿಯನ್ನು ನೋಡುವುದು, ಪತ್ರ ಬರೆಯುವುದು, ಎರಡನ್ನೂ ಕಲಿಸಿದವರು ಅವರು. ನನ್ನ ಮನೆಯಲ್ಲಿ ಇವತ್ತಿಗೂ ಒಲೆ ಉರಿಯುವುದು ಆ ಕಲಿಕೆಯಿಂದ.

ಹೊಸ ಫಸಲಿನ ಹೊತ್ತಿಗೆ ಅಮ್ಮನವರ ಹೆಸರಿನ ಹಳೆ ವಿಳಾಸದಿಂದ ನಮ್ಮ ಅಂಗಡಿಗೊಂದು ಮೇಲ್ ಬಂತು. ಸೋನಾ ಮಸೂರಿ ತಯಾರಿದೆ, ಮಾಲು ಚೆನ್ನಾಗಿದೆ, ಮಕ್ಕಳೆಲ್ಲ ಕ್ಷೇಮವೇ ಎಂದಿತ್ತು. ದಲ್ಲಾಳಿ ನನ್ನ ಹೆಗಲ ಮೇಲಿಂದ ಓದಿ, ಈ ಅಮ್ಮನ ಮಾತಂದ್ರ ಮಾತು, ಆರ್ಡರ್ ಹಾಕು ಅಂದರು.

“ಅವರು ತೀರಿಕೊಂಡಾರ್ರಿ. ನಾನ ಮಣ್ಣು ಹಾಕಿ ಬಂದೀನಿ,” ಅಂದೆ.

ದಲ್ಲಾಳಿ ಪರದೆಯ ಮೇಲಿನ ವಿಳಾಸಕ್ಕೆ ಬೆರಳಿಟ್ಟು ತೋರಿಸಿದರು. “ಮತ್ತ ಮೇಲ್ ಅವರದ ಅದಲ್ಲ?” ಅಂದರು.

ನಾನು ಬರೆಯಲು ಒಲ್ಲೆ ಅಂದೆ. ಅವರೇ ಕೂತು ಆರ್ಡರ್ ಟೈಪ್ ಮಾಡಿ ಕಳಿಸಿದರು. ಮಧ್ಯಾಹ್ನದ ಊಟಕ್ಕೆ ಏಳುವ ಮೊದಲೇ ಉತ್ತರ ಬಂತು. ಕೆಳಗೆ ಅಮ್ಮನವರ ಹೆಸರಿತ್ತು.