ಎರಡು ಕೈಗಳ ರಿಯಾಯಿತಿ

ಹೋದ ವಾರ ಮೊಮ್ಮಗನಿಗೆ ಚೆಂಡು ಕೊಳ್ಳಲು ಅತ್ತಿಗುಪ್ಪೆಯ ಆಟದ ಸಾಮಾನಿನ ಅಂಗಡಿಗೆ ಹೋಗಿದ್ದೆ. ಬಾಗಿಲ ಬಳಿ ತೂಗುಹಾಕಿದ್ದ ರಬ್ಬರ್ ರಿಂಗುಗಳಿಂದ ಹೊಸ ಟೈರಿನಂಥ ವಾಸನೆ ಬಂತು. ಅದರ ಬೆನ್ನಿಗೇ ನಮ್ಮ ಆಟದ ಮೇಡಂ ನೆನಪಾದರು...

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮದುವೆಯಾಗಿ ವಿಜಯನಗರಕ್ಕೆ ಬಂದಾಗ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮೂಲೆಮನೆಯಲ್ಲಿ ಬಾಡಿಗೆಗಿದ್ದ ಮೇಡಂ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟ ಕಲಿಸುತ್ತಿದ್ದರು. ಬಿಳಿ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ಸೀಟಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ನಾನು ಗಂಡನ ಮನೆಗೆ ಕಾಲಿಟ್ಟ ಕೆಲವೇ ತಿಂಗಳಲ್ಲಿ ಮಾವ ತೀರಿಕೊಂಡರು. ಸೊಸೆಯ ಕಾಲ್ಗುಣ ಎಂದು ನೆಂಟರು ಆಡಿಕೊಂಡರು. ಅತ್ತೆ ಹಾಗೆ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಹೊಸಿಲು ದಾಟುವುದನ್ನೇ ಬಿಟ್ಟರು. ಅಡುಗೆಮನೆಯಲ್ಲಿ ಇಬ್ಬರೂ ಪಕ್ಕಪಕ್ಕ ನಿಂತು ಇಡೀ ಬೆಳಗನ್ನು ಮಾತಿಲ್ಲದೆ ಕಳೆಯುತ್ತಿದ್ದೆವು.

ಮರುವರ್ಷ ಗಣೇಶನ ಹಬ್ಬಕ್ಕೆ ಮೇಡಂ ಒಂದು ಖಾಲಿ ಸೈಟಿನಲ್ಲಿ ಬೀದಿಯ ಹೆಂಗಸರಿಗೆ ರಿಂಗ್ ಆಟದ ಜೋಡಿ ಪಂದ್ಯ ಇಟ್ಟರು. ಬಲೆಯ ಮೇಲಿಂದ ರಿಂಗ್ ಎಸೆಯಬೇಕು, ಆ ಕಡೆಯವರು ಅದನ್ನು ನೆಲಕ್ಕೆ ಬೀಳದಂತೆ ಒಂದೇ ಕೈಯಲ್ಲಿ ಹಿಡಿಯಬೇಕು. ಕಾಲೇಜಿನ ತಂಡದಲ್ಲಿ ಆಡಿದ್ದ ನನಗೆ, ಎದುರುಮನೆಯ ಚುರುಕು ಹುಡುಗಿಯನ್ನು ಜೋಡಿ ಮಾಡಿಕೊಂಡು ಗೆದ್ದುಬಿಡುವ ಆಸೆ. ಮೇಡಂ ಒಪ್ಪಲಿಲ್ಲ. ಚೆನ್ನಾಗಿ ಆಡುವವಳಿಗೆ ಆಡಲು ಬಾರದವರೇ ಜೋಡಿ ಎಂದುಬಿಟ್ಟರು.

"ನಮ್ಮಣ್ಣ ಗಾಲ್ಫ್ ಕ್ಲಬ್ಬಲ್ಲಿ ಕೆಲಸ ಮಾಡ್ತಾರಲ್ಲ, ಅಲ್ಲೂ ಹೀಗೇನಂತೆ. ಪಳಗಿದೋರ ಜೊತೆ ಹೊಸಬರನ್ನ ಹಾಕ್ತಾರೆ. ಹೊಸಬರು ಚೆಂಡಿಗೆ ಒಂದಷ್ಟು ಹೊಡೆತ ಜಾಸ್ತಿ ಹೊಡೆದ್ರೂ ಲೆಕ್ಕಕ್ಕೆ ಹಿಡಿಯಲ್ಲ. ಇಲ್ದಿದ್ರೆ ಗೆದ್ದೋರೇ ಗೆಲ್ತಾ ಇರ್ತಾರೆ ಅಷ್ಟೆ."

ನಮ್ಮ ಬೀದಿಯ ರಿಯಾಯಿತಿ ಇನ್ನೊಂದು ಥರದ್ದು: ಆಡಲು ಬಾರದವರು ರಿಂಗನ್ನು ಎರಡು ಕೈಯಲ್ಲಿ ಹಿಡಿಯಬಹುದು.

ಆಮೇಲೆ ನನ್ನ ಜೋಡಿ ಯಾರೆಂದು ಹೇಳಿದರು. ಅತ್ತೆ!

"ಬೇಡ ಮೇಡಂ," ಎಂದೆ.

"ಯಾಕಮ್ಮ? ಸೋತೋಗ್ತೀನಿ ಅಂತಾನೋ, ಅವರ ಜೊತೆ ಮಾತಾಡ್ಬೇಕಾಗುತ್ತೆ ಅಂತಾನೋ?"

ನಾನು ಸೆರಗು ಸರಿಮಾಡಿಕೊಂಡು ಮನೆಯ ಕಡೆ ತಿರುಗಿದೆ.

ಅಂದು ಸಂಜೆಯೇ ಮೇಡಂ ಬಂದು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಅಮ್ಮಾ, ನಿಮ್ಮ ಸೊಸೆಗೆ ಜೋಡಿ ಇಲ್ಲ. ನೀವು ಬರ್ದಿದ್ರೆ ಅವಳನ್ನ ಆಡ್ಸೋಕಾಗಲ್ಲ."

ಅತ್ತೆ ಹುಳಿಯಲ್ಲಿ ಸೌಟು ತಿರುವುತ್ತಲೇ ಇದ್ದರು. "ಇಂಥ ಹೊತ್ತಲ್ಲಿ ನಾನು ಬೀದಿಗೆ ಬಂದು ಕುಣಿದ್ರೆ ನಾಲ್ಕು ಜನ ಏನಂತಾರೆ?"

"ಆ ನಾಲ್ಕು ಜನಾನೂ ಆಡ್ತಿದಾರೆ, ಬನ್ನಿ," ಎಂದರು ಮೇಡಂ.

ಪಂದ್ಯದ ದಿನ ಅತ್ತೆ ನೆರಿಗೆ ಎತ್ತಿ ಕಟ್ಟಿಕೊಂಡು ಬಂದೇಬಿಟ್ಟರು. ಮೊದಲ ಆಟದಲ್ಲಿ ನಾನು ಅವರ ಪಾಲಿನ ರಿಂಗುಗಳಿಗೂ ಅಡ್ಡ ನುಗ್ಗಿ ಹಿಡಿಯುತ್ತಿದ್ದೆ. ಮೇಡಂ ಸೀಟಿ ಊದಿದರು. "ಅವರನ್ನ ಕಂಬದ ಹಾಗೆ ನಿಲ್ಸಿದೀಯಲ್ಲೇ! ಬಿಡು, ಅವರಿಗೂ ಬರ್ಲಿ."

ಬಿಟ್ಟೆ. ಮುಂದಿನ ರಿಂಗನ್ನು ಅತ್ತೆ ಎರಡೂ ಕೈಯಲ್ಲಿ ಎದೆಗೆ ಅವಚಿ ಹಿಡಿದರು. ಹಿಡಿದದ್ದನ್ನು ತಾವೇ ನಂಬಲಾರದೆ ಜೋರಾಗಿ ನಕ್ಕುಬಿಟ್ಟರು. ಆ ನಗುವನ್ನು ನಾನು ಅಲ್ಲಿಯವರೆಗೂ ಕೇಳಿರಲಿಲ್ಲ...

ಹೇಗೋ ಕೊನೆಯ ಪಂದ್ಯಕ್ಕೆ ಬಂದೆವು. ಎರಡೂ ಕಡೆ ಸಮಸಮ, ಉಳಿದದ್ದು ಒಂದೇ ಪಾಯಿಂಟು. ರಿಂಗ್ ತೇಲಿಕೊಂಡು ಅತ್ತೆಯ ಕಡೆಗೇ ಬಂತು. ಅವರು ಒಂದೇ ಕೈ ಚಾಚಿದರು. ಬೆರಳಿಗೆ ತಾಗಿ ಜಾರಿತು. ಸೋತೆವು.

"ಎರಡು ಕೈಯಲ್ಲಿ ಹಿಡೀಬೋದಿತ್ತಲ್ಲ ಅತ್ತೆ?" ಎಂದೆ.

"ಅಷ್ಟೊತ್ತಿಗೆ ನಂಗೂ ಆಡೋಕೆ ಬಂತು ಅಂದ್ಕೊಂಡೆ ಕಣೇ," ಎಂದು ನನ್ನ ಭುಜ ಹಿಡಿದುಕೊಂಡು ಸುಧಾರಿಸಿಕೊಂಡರು.

ಅದುವರೆಗೆ ಅವರು ನನ್ನನ್ನು ಒಮ್ಮೆಯೂ 'ಕಣೇ' ಎಂದಿರಲಿಲ್ಲ. ಮೇಡಂ ಬಲೆ ಬಿಚ್ಚುತ್ತಿದ್ದರು, ನಮ್ಮ ಕಡೆ ನೋಡಲೇ ಇಲ್ಲ.

ಮುಂದೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಸ್ವಲ್ಪ ಕಾಲ ಹಬ್ಬಕ್ಕೊಂದು ಕಾರ್ಡು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಅತ್ತೆ ಬಹುಕಾಲ ನನ್ನ ಜೊತೆ ಬಾಳಿದರು. ಹಾಸಿಗೆ ಹಿಡಿದಾಗ ಊಟ ಮಾಡಿಸಲು ಕೂತರೆ ತಟ್ಟೆ ಖಾಲಿಯಾದರೂ ನಮ್ಮ ಮಾತು ಮುಗಿಯುತ್ತಿರಲಿಲ್ಲ. ಅವರು ಹೋದಾಗ ಮೇಡಂಗೆ ತಿಳಿಸಬೇಕೆಂದು ಹುಡುಕಿಸಿದೆ. ಅವರು ಅದಕ್ಕೂ ಮೊದಲೇ ತೀರಿಕೊಂಡಿದ್ದರಂತೆ...

ನಮ್ಮಿಬ್ಬರನ್ನು ಬೇಕೆಂದೇ ಜೋಡಿ ಮಾಡಿದರೋ, ನ್ಯಾಯವಾಗಿ ಹಂಚಿದಾಗ ಹಾಗೆ ಬಂತೋ, ಕೇಳಬೇಕಿತ್ತು. ಆ ಸೈಟುಗಳಲ್ಲೆಲ್ಲ ಈಗ ಮೂರು ಅಂತಸ್ತಿನ ಮನೆಗಳು. ಆ ಪಂದ್ಯದ ಮಾತೆತ್ತಿದರೆ "ಹೌದು ಕಣೇ" ಎನ್ನುವವರು ನನಗೆ ಯಾರೂ ಉಳಿದಿಲ್ಲ.